ಚಿಲಿಯನ್ನು ಕೂಡಿಸಿದ ಒಂದು ಪದ

‘ವಿರೋಧ ಪಕ್ಷಗಳು ಮೊದಲು ಒಂದೇ ಸಿದ್ಧಾಂತಕ್ಕೆ ಬರಲಿ, ಆಮೇಲೆ ಒಗ್ಗೂಡಲಿ’ ಎಂದು ಲೇಖನವೊಂದರಲ್ಲಿ ಓದಿದ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಚಿಲಿಯಲ್ಲಿ ಹಾಗೆ ಕಾದು ಕುಳಿತಿದ್ದರೆ ಸೇನಾ ಸರ್ವಾಧಿಕಾರಿ ಪಿನೋಶೆ ಇನ್ನೂ ಎಂಟು ವರ್ಷ ಆಳುತ್ತಿದ್ದ.

1973ರಲ್ಲಿ, ಪಿನೋಶೆಯ ಸೇನೆ ಉರುಳಿಸುವ ಮೊದಲು, ಸಮಾಜವಾದಿ ಅಧ್ಯಕ್ಷ ಅಯೆಂದೆಯ ಸರ್ಕಾರವನ್ನು ಕಟುವಾಗಿ ವಿರೋಧಿಸಿದವರಲ್ಲಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ ಪೆಟ್ರೀಸಿಯೊ ಐಲ್ವಿನ್ ಪ್ರಮುಖರು. ಅದೇ ಐಲ್ವಿನ್ 1988ರಲ್ಲಿ ಅಯೆಂದೆಯ ಸಮಾಜವಾದಿಗಳ ಜೊತೆ ಹೆಗಲು ಕೊಟ್ಟು ನಿಂತರು. ಹಳೆಯ ಗಾಯ ಮಾಯ್ದಿತ್ತೇ? ಇಲ್ಲ. ಅವರನ್ನೆಲ್ಲ ಕೂಡಿಸಿದ್ದು, ಪಿನೋಶೆ ಮುಂದುವರಿಯಬೇಕೇ ಎಂದು ಕೇಳಿದ ಜನಮತಗಣನೆಯ ಮತಪತ್ರದ ಮೇಲಿದ್ದ ಒಂದೇ ಪದ: ‘ಬೇಡ’.

ಆ ವರ್ಷದ ಏಪ್ರಿಲ್‌ನಲ್ಲಿ ಸಮಾಜವಾದಿ ನಾಯಕ ರಿಕಾರ್ಡೊ ಲಾಗೋಸ್ ಟಿವಿ ಕಾರ್ಯಕ್ರಮವೊಂದರಲ್ಲಿ ಕ್ಯಾಮೆರಾದತ್ತ ತೋರುಬೆರಳು ಚಾಚಿ, ನೇರವಾಗಿ ಪಿನೋಶೆಯನ್ನೇ ಪ್ರಶ್ನಿಸಿದರು. ನಿರೂಪಕಿ ತಡೆಯಲು ನೋಡಿದಾಗ, ಹದಿನೈದು ವರ್ಷಗಳ ಮೌನದ ಪರವಾಗಿ ಮಾತನಾಡುತ್ತಿದ್ದೇನೆ ಎಂದರು. ಆ ದೃಶ್ಯವನ್ನು ಯಾವಾಗ ನೋಡಿದರೂ ನನ್ನ ಮೈ ನವಿರೇಳುತ್ತದೆ. ಜನ ಕಾಣೆಯಾಗುತ್ತಿದ್ದ ನಾಡಿನಲ್ಲಿ ಆಡಿದ ಮಾತದು!

ಆದರೆ ಗೆಲುವು ಬರೀ ಧೈರ್ಯದಿಂದ ಬರಲಿಲ್ಲ. ಹೆದರಿ ದೂರ ಉಳಿದವರನ್ನು ವಿರೋಧ ಪಕ್ಷಗಳವರು ಮತದಾರರ ಪಟ್ಟಿಗೆ ಸೇರಿಸಿದರು. ದಿನಕ್ಕೆ ಸಿಕ್ಕ ಹದಿನೈದು ನಿಮಿಷದ ಟಿವಿ ಸಮಯದಲ್ಲಿ ಕಾಮನಬಿಲ್ಲಿನ ಚಿಹ್ನೆ ಹಿಡಿದು ಭರವಸೆ ಬಿತ್ತಿದರು. ಸರ್ಕಾರದ ಎಣಿಕೆಯನ್ನು ನಂಬದೆ ತಾವೇ ಮತಗಳ ಲೆಕ್ಕ ಇಟ್ಟರು. ಅಕ್ಟೋಬರ್ 5ರಂದು ‘ಬೇಡ’ ಎಂದವರು ಸುಮಾರು ಶೇ 56.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಸರ್ವಾಧಿಕಾರಿಯೇ ಬರೆಸಿದ 1980ರ ಸಂವಿಧಾನದಡಿಯಲ್ಲೇ ಆಟ ಆಡಬೇಕಾಯಿತು. ಐಲ್ವಿನ್ 1990ರಲ್ಲಿ ಅಧ್ಯಕ್ಷರಾದರೂ, ಪಿನೋಶೆ 1998ರವರೆಗೆ ಸೇನಾ ಮುಖ್ಯಸ್ಥನಾಗಿಯೇ ಉಳಿದ. ಕಾಣೆಯಾದ ಮಕ್ಕಳ ಫೋಟೊವನ್ನು ಎದೆಗೆ ಒತ್ತಿ ಹಿಡಿದಿದ್ದ ತಾಯಂದಿರು ಅದನ್ನೂ ನೋಡಬೇಕಾಯಿತು.