ಫ್ರಿಜ್ಜಿನಲ್ಲಿ ಶೆರಿ, ಪಕ್ಕದಲ್ಲೇ ದೋಸೆ ಹಿಟ್ಟು

ಇಂಗ್ಲೆಂಡಿನ ಮನೆಗಳಲ್ಲಿ ಶೆರಿ ಅನ್ನುವ ಸ್ಪೇನಿನ ವೈನಿನ ಪಾಡು ನೋಡಿದರೆ ಅಯ್ಯೋ ಪಾಪ ಅನಿಸುತ್ತದೆ. ಕ್ರಿಸ್‌ಮಸ್‌ಗೆ ಒಂದು ಬಾಟಲಿ ತರುತ್ತಾರೆ, ಬಂದ ನೆಂಟರಿಗೆ ಒಂದೊಂದು ಗುಟುಕು, ಚಿಮಣಿಯಲ್ಲಿ ಇಳಿದು ಬರುವ ಕ್ರಿಸ್‌ಮಸ್ ತಾತನಿಗೆ ಅಂತ ಮಿನ್ಸ್ ಪೈ ಜೊತೆ ಒಂದು ಗ್ಲಾಸು (ಅದನ್ನು ರಾತ್ರಿ ಮನೆಯ ಯಜಮಾನನೇ ಕುಡಿಯುತ್ತಾನೆ, ಬಿಡಿ), ಆಮೇಲೆ ಬಾಟಲಿ ಕಪಾಟು ಸೇರಿತು ಅಂದರೆ ಹೊರಗೆ ಬರುವುದು ಮುಂದಿನ ಕ್ರಿಸ್‌ಮಸ್‌ಗೇ.

ನಮ್ಮ ಪಕ್ಕದ ಮನೆಯ ಅಜ್ಜಿ ಅಂಥದ್ದೇ ಒಂದು ಬಾಟಲಿ ತೆಗೆದರು. ಹೀಟರ್ ಪಕ್ಕದ ಕಪಾಟಿನಿಂದ. ಲೇಬಲ್ ಮೇಲೆ ಫೀನೋ ಅಂತಿದೆ, ಅಂದರೆ ಶೆರಿಯಲ್ಲೇ ಸಿಹಿಯಿಲ್ಲದ ಒಂದು ಬಗೆ, ತಿಳಿ ಹಳದಿ ಇರಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿದೆ. ಬೆರಳುದ್ದದ ಗ್ಲಾಸಿಗೆ ಅಂಚಿನವರೆಗೂ ಸುರಿದರು. ನನ್ನ ಹೆಂಡತಿ ಕುಡಿಯುವುದಿಲ್ಲ, ಬೇಡ ಅನ್ನೋಕೂ ಸಂಕೋಚ. ಹಾಗಾಗಿ ಅಜ್ಜಿ ಅಡುಗೆಮನೆಗೆ ಹೋದಾಗಲೆಲ್ಲ ಅವಳ ಗ್ಲಾಸು ಮೆಲ್ಲಗೆ ನನ್ನ ಕಡೆ ಜರುಗುತ್ತಿತ್ತು. ಅಜ್ಜಿ ಬಂದು ನೋಡುತ್ತಾರೆ, ಖಾಲಿ! ಖುಷಿಯೋ ಖುಷಿ, ಮತ್ತೆ ತುಂಬುತ್ತಾರೆ.

ಫೀನೋ ಹಾಗೆ ವರ್ಷಗಟ್ಟಲೆ ಇಡುವ ಸರಕಲ್ಲ. ದಕ್ಷಿಣ ಸ್ಪೇನಿನ ಹೆರೆಜ್ ಸುತ್ತಮುತ್ತ, ಪಲೊಮೀನೊ ಅನ್ನುವ ಬಿಳಿ ದ್ರಾಕ್ಷಿಯಿಂದ ಮಾಡುತ್ತಾರೆ. ಸುಮಾರು 600 ಲೀಟರಿನ ಪೀಪಾಯಿಯನ್ನು ಪೂರ್ತಿ ತುಂಬಿಸದೆ ಮೇಲೆ ಜಾಗ ಬಿಡುತ್ತಾರೆ. ಆ ಜಾಗದಲ್ಲಿ ವೈನಿನ ಮೇಲೆ ಯೀಸ್ಟಿನ ಬಿಳಿ ಪದರ ಕಟ್ಟುತ್ತದೆ, ಅದೇ ಫ್ಲೋರ್. ವೈನಿಗೆ ಗಾಳಿ ಸೋಕದ ಹಾಗೆ ಅದೇ ಕಾವಲು. ಬಾಟಲಿಯಲ್ಲಿ ಆ ಕಾವಲು ಎಲ್ಲಿಂದ ಬರಬೇಕು? ಅದಕ್ಕೇ ಬಿರಡೆ ತೆಗೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು. ಆಲ್ಕೊಹಾಲ್ 15% ಅಷ್ಟೇ, ವಿಸ್ಕಿ ಥರ ಕೆಡದೆ ಇರುತ್ತೆ ಅಂದುಕೊಂಡವರು ಅಜ್ಜಿಯೊಬ್ಬರೇ ಅಲ್ಲ. ಫ್ಲೋರ್ ಇಲ್ಲದೆ ಮಾಗುವ ಒಲೊರೋಸೊ ಅನ್ನುವ ಇನ್ನೊಂದು ಬಗೆಯ ಶೆರಿ ಆದರೆ ಇನ್ನೂ ಸ್ವಲ್ಪ ದಿನ ತಡೆದುಕೊಳ್ಳುತ್ತದೆ.

ನಮ್ಮನೆಯಲ್ಲಿ ಹೀಗಾಗಬಾರದು ಅಂತ ಒಂದು ಭಾನುವಾರ ಎಲ್ಲ ಶಾಸ್ತ್ರೋಕ್ತವಾಗಿ ನಡೆಸಿದೆ. ದೋಸೆ ಹಿಟ್ಟಿನ ಡಬ್ಬದ ಪಕ್ಕ ಜಾಗ ಮಾಡಿ ಬಾಟಲಿ ತಣ್ಣಗಾಗಿಸಿದ್ದು, ವೈನ್ ಗ್ಲಾಸಿನಲ್ಲಿ ಕಾಲು ಭಾಗ ಮಾತ್ರ, ಮೇಲೆ ಖಾಲಿ ಬಿಟ್ಟರೆ ತಾನೆ ಘಮ ಗೊತ್ತಾಗೋದು. ಆಲಿವ್, ಹುರಿದ ಉಪ್ಪು ಬಾದಾಮಿ. ಉಡುಪಿಯ ಗೆಳೆಯ ಬೂತಾಯಿ ಫ್ರೈ ಮಾಡಿಕೊಂಡು ಬಂದಿದ್ದ. ಆ ಸ್ಪೇನಿನವರೂ ಕರಿದ ಮೀನಿನ ಜೊತೆಗೇ ಇದನ್ನು ಕುಡಿಯುವುದು, ನನಗೆ ಒಳಗೊಳಗೇ ಹಿಗ್ಗು.

ಅವನು ಒಂದು ಗುಟುಕು ಹಾಕಿ ಮುಖ ಕಿವುಚಿದ. "ಎಂತದು ಮಾರಾಯಾ ಇದು, ಸಿಹಿಯೇ ಇಲ್ಲ! ಹಾಳಾಗಿದೆಯಾ ಹೇಗೆ?"

ಡ್ರೈ ಅಂದರೆ ಹಾಗೇ ಇರೋದು, ಮೀನಿನ ಜೊತೆ ಕುಡಿದು ನೋಡು ಅಂತ ನಾನು ಪುರಾಣ ಶುರು ಮಾಡುವಷ್ಟರಲ್ಲಿ, ಮಹಾಶಯ ನನ್ನ ಮಗಳ ನಿಂಬೆ ಸೋಡಾ ಎತ್ತಿ ಗ್ಲಾಸಿಗೆ ಬಗ್ಗಿಸಿ, ಮೇಲೆ ನಾಲ್ಕು ಐಸ್ ತುಂಡು ಬೇರೆ ಹಾಕಿಬಿಟ್ಟ. ನನಗೆ ಎದೆ ಧಸಕ್ ಅಂದಿತು. ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದ ವೈನಿಗೆ ಮಕ್ಕಳ ಸೋಡಾ! ಚೆನ್ನಾಗಿ ಉಗಿದೆ. ಅವನು ಆರಾಮಾಗಿ ಫೋನು ತೆಗೆದು ಏನೋ ಹುಡುಕಿ ನನ್ನ ಮೂಗಿಗೆ ಹಿಡಿದ. ಸೆವಿಯಾ ಊರಿನ ಏಪ್ರಿಲ್ ಜಾತ್ರೆಯಲ್ಲಿ ಜನ ಜಗ್ಗುಗಟ್ಟಲೆ ಕುಡಿಯುವುದೇ ಇದನ್ನಂತೆ, ಫೀನೋ ಅಥವಾ ಅದರದೇ ಜಾತಿಯ ಮಂಥನೀಯಾಗೆ ನಿಂಬೆ ಸೋಡಾ ಬೆರೆಸಿ. ಹೆಸರು ರೆಬುಹೀತೊ. ಅವತ್ತಿನಿಂದ ಅವನಿಗೆ ಕೊಂಬು ಬಂದಿದೆ, ನಮ್ಮನೆಗೆ ಬರುವಾಗ ಸೋಡಾ ತಾನೇ ತರುತ್ತಾನೆ. ಬಿಸಿಲಿದ್ದ ದಿನ ಅದು ಚೆನ್ನಾಗೇ ಇರುತ್ತದೆ ಅನ್ನಿ. ಅವನಿಗೆ ಮಾತ್ರ ಹೇಳಬೇಡಿ.

ಊರಿಂದ ಅತ್ತೆ ಬೇರೆ ಬಂದಿದ್ದರು ಆಗ. ಅವರ ಮುಂದೆ ಬಾಟಲಿ ಹೊರಗೆ ತೆಗೆದವನಲ್ಲ ನಾನು, ಎಲ್ಲ ಹಿಂದಿನ ತೋಟದಲ್ಲೇ. ಆದರೆ ಗ್ಲಾಸು ಸಿಂಕಿಗೆ ಬರಲೇಬೇಕಲ್ಲ. ಫ್ಲೋರಿನ ದೆಸೆಯಿಂದ ಫೀನೋಗೆ ಯೀಸ್ಟಿನದ್ದೇ ಒಂದು ಹುಳಿಘಾಟು ಇರುತ್ತದೆ. ಅತ್ತೆ ಸಿಂಕಿನ ಹತ್ತಿರ ನಿಂತು ಎರಡು ಸಲ ಮೂಗು ಎಳೆದರು. ಫ್ರಿಜ್ಜಿನ ಬಾಗಿಲು ತೆಗೆದು ಹಿಟ್ಟಿನ ಡಬ್ಬಕ್ಕೂ ಮೂಗು ಕೊಟ್ಟರು.

"ಹಿಟ್ಟು ಜಾಸ್ತಿ ಹುಳಿ ಬಂದಿದೆ ಕಣೇ," ಅಂದರು ಮಗಳಿಗೆ. "ನಾಳೆ ದೋಸೆ ಬೇಡ, ಈರುಳ್ಳಿ ಹಾಕಿ ಊತಪ್ಪ ಮಾಡಿಬಿಡೋಣ."

ಹೆಂಡತಿ ನನ್ನ ಮುಖ ನೋಡಿ, "ಹೂಂ ಅಮ್ಮ" ಅಂದಳು.