ಡಿಸ್ಕ್ ನನ್ನದಾದರೆ ಮಾರುವ ಹಕ್ಕೂ ನನ್ನದೇ

ಹಳೇ ವಿಡಿಯೋ ಗೇಮ್ ಡಿಸ್ಕ್ ಮಾರಿದರೆ ಗೇಮ್ ಮಾಡಿದ ಕಂಪನಿಗೆ ನಷ್ಟ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಹಳೆಯದನ್ನು ಮಾರಿದ ದುಡ್ಡಿಗೆ ಇನ್ನಷ್ಟು ಸೇರಿಸಿಯೇ ನಮ್ಮಂಥವರು ಹೊಸ ಗೇಮ್ ಕೊಳ್ಳುವುದು, ಅಲ್ವಾ?

ನನ್ನ ಮೊದಲ ಪ್ಲೇಸ್ಟೇಷನ್ ಗೇಮ್ ಸೆಕೆಂಡ್ ಹ್ಯಾಂಡ್. ಡಿಸ್ಕ್ ಹಿಂದೆ ಎರಡು ಗೀರು. ಡಬ್ಬಿಯೊಳಗಿನ ಪುಸ್ತಕದಲ್ಲಿ ಹಿಂದೆ ಆಡಿದ ಯಾರೋ ಪೆನ್ಸಿಲ್‌ನಲ್ಲಿ ಬರೆದಿಟ್ಟ ಚೀಟ್ ಕೋಡ್, ಅಂದರೆ ಆಟ ಸುಲಭ ಮಾಡುವ ಗುಟ್ಟಿನ ಸಂಕೇತ. ಅಂಗಡಿಯವರು ನನ್ನೆದುರೇ ಹಾಕಿ, ಓಡುತ್ತೆ ಅಂತ ತೋರಿಸಿ ಕೊಟ್ಟರು. ಹೊಸದು ಕೊಳ್ಳುವಷ್ಟು ದುಡ್ಡು ಆಗ ಮನೆಯಲ್ಲಿ ಇರಲಿಲ್ಲ.

2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಒನ್‌ಗೆ ಕಟ್ಟುಪಾಡು ತರಲು ಹೊರಟಿತ್ತು. 24 ಗಂಟೆಗೊಮ್ಮೆ ಇಂಟರ್ನೆಟ್ ಬೇಕೇ ಬೇಕು, ಡಿಸ್ಕ್ ಬೇರೆಯವರಿಗೆ ಕೊಡಲೂ ಷರತ್ತು. ಜನ ಸುಮ್ನೆ ಕೂರಲಿಲ್ಲ. ಮಾರುಕಟ್ಟೆಗೆ ಬರುವ ಮೊದಲೇ ಕಂಪನಿ ಅದನ್ನು ಕೈಬಿಟ್ಟಿತು.

ಡಿಸ್ಕ್ ಇಲ್ಲದೆ ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಡಿಜಿಟಲ್ ಗೇಮ್‌ಗಳ ಕಥೆ ಇನ್ನೂ ಕಷ್ಟ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ ಗೇಮ್ ಮರುಮಾರಾಟ ಮಾಡಬಹುದು ಎಂದು 2019ರಲ್ಲಿ ಪ್ಯಾರಿಸ್‌ನ ಕೋರ್ಟ್ ಹೇಳಿತ್ತು. 2022ರಲ್ಲಿ ಮೇಲಿನ ಕೋರ್ಟ್ ಅದನ್ನು ತಳ್ಳಿಹಾಕಿತು. ಡಿಸ್ಕ್ ಇದ್ದರೂ ನೆಮ್ಮದಿ ಇಲ್ಲ, 'ದಿ ಕ್ರೂ' ಎಂಬ ಕಾರ್ ರೇಸ್ ಗೇಮ್ ನೋಡಿ. 2024ರ ಮಾರ್ಚ್‌ನಲ್ಲಿ ಅದರ ಕಂಪನಿ ಯೂಬಿಸಾಫ್ಟ್, ಆಟ ಓಡಲು ಬೇಕೇ ಬೇಕಾದ ಇಂಟರ್ನೆಟ್ ಸರ್ವರ್ ಮುಚ್ಚಿದಾಗ ಡಿಸ್ಕ್ ಇದ್ದವರ ಆಟವೂ ನಿಂತುಹೋಯಿತು. ಪೂರ್ತಿ ದುಡ್ಡು ಕೊಟ್ಟವರ ಕೈಯಲ್ಲಿ ಉಳಿದಿದ್ದು ಬರೀ ಪ್ಲಾಸ್ಟಿಕ್. ಈ ನಷ್ಟದ ಬಗ್ಗೆಯೂ ದಯವಿಟ್ಟು ಬರೆಯಿರಿ.