ಬಿಬಿಸಿ ಬರೆದ ಪೋಲಿ ಪುಸ್ತಕ

ಬ್ರಿಟನ್ನಿನ ಹಾಸ್ಯಗಾರ ಮ್ಯಾಕ್ಸ್ ಮಿಲ್ಲರ್ ಹತ್ತಿರ ಎರಡು ಪುಸ್ತಕ ಇದ್ದವು. ಒಂದು ಬಿಳಿ, ಇನ್ನೊಂದು ನೀಲಿ. ಬಿಳಿಯದರಲ್ಲಿ ಮಡಿ ಜೋಕು, ನೀಲಿಯದರಲ್ಲಿ ಪೋಲಿ ಜೋಕು. ವೇದಿಕೆಗೆ ಬಂದು ಎರಡನ್ನೂ ತೋರಿಸಿ, ಯಾವುದು ಬೇಕು ಅಂತ ಜನರನ್ನೇ ಕೇಳುತ್ತಿದ್ದ. ಅವರು ಯಾವ ಬಣ್ಣ ಕೂಗುತ್ತಿದ್ದರು ಅಂತ ಬೇರೆ ಹೇಳಬೇಕಾ?

ಬ್ರಿಟನ್ನಿನಲ್ಲಿ ಅದು ವೆರೈಟಿ ಥಿಯೇಟರುಗಳ ಕಾಲ. ಒಂದೇ ಸಂಜೆ ಹಾಡು, ಜಾದೂ, ದೊಂಬರಾಟ, ನಡುನಡುವೆ ಹಾಸ್ಯ. ಮಿಲ್ಲರ್ ಹುಟ್ಟಿದ್ದು 1894ರಲ್ಲಿ, ಬ್ರೈಟನ್ನಿನ ಬಡವರ ಮನೆಯಲ್ಲಿ. ನಿಜವಾದ ಹೆಸರು ಥಾಮಸ್ ಹೆನ್ರಿ ಸಾರ್ಜೆಂಟ್. ಮೊದಲ ಮಹಾಯುದ್ಧದಲ್ಲಿ ಸಿಪಾಯಿಯಾಗಿ ಇಂಡಿಯಾಕ್ಕೂ ಬಂದು ಹೋಗಿದ್ದ. ಆಮೇಲೆ ಹಾಸ್ಯಗಾರನಾದ. ದೊಡ್ಡ ದೊಡ್ಡ ಹೂವಿನ ರೇಷ್ಮೆ ಸೂಟು, ತಲೆಯ ಮೇಲೆ ಬಿಳಿ ಟೋಪಿ. ನಮ್ಮ ಕಡೆ ಆಗಿದ್ದರೆ, ಕಿಟಕಿ ಪರದೆ ಹೊಲಿಸಿಕೊಂಡು ಬಂದಿದ್ದಾನೆ ಅಂತಿದ್ದರು.

ಅವನ ಕೈಚಳಕ ಏನು ಗೊತ್ತಾ? ಪೋಲಿ ಮಾತನ್ನು ಬಾಯಿಬಿಟ್ಟು ಆಡುತ್ತಲೇ ಇರಲಿಲ್ಲ. ಪ್ರಾಸ ಕಟ್ಟಿ ಒಂದು ಪದ್ಯ ಶುರು ಮಾಡುವುದು, ಕೊನೇ ಪದ ಬಂತು ಅನ್ನುವಾಗ ಗಪ್ ಅಂತ ನಿಲ್ಲಿಸುವುದು. ಅಷ್ಟು ಹೊತ್ತಿಗೆ ಆ ಪದ ಇಡೀ ಸಭೆಯ ನಾಲಿಗೆ ತುದಿಗೆ ಬಂದಿರುತ್ತಿತ್ತು. ಜನ ಹೋ ಅಂತ ನಕ್ಕರೆ, ನಿಮ್ಮಂಥವರಿಂದಲೇ ನನ್ನ ಹೆಸರು ಕೆಡೋದು ಅಂತ ಅವರನ್ನೇ ಗದರುತ್ತಿದ್ದ. ಕುಂಬಳಕಾಯಿ ಕಳ್ಳ ಅಂತ ಕೂಗಿ ಸಾವಿರ ಜನರ ಕೈಯಲ್ಲಿ ಹೆಗಲು ಮುಟ್ಟಿಸುವ ವಿದ್ಯೆ. 1931, 1937, 1950, ಹೀಗೆ ಮೂರು ಸಲ ರಾಜಮನೆತನದವರ ಎದುರು ನಡೆಯುವ ಪ್ರದರ್ಶನಕ್ಕೂ ಹೋಗಿಬಂದ. ಸಿಂಹಾಸನಕ್ಕೆ ಏನೂ ಆಗಲಿಲ್ಲ.

ಆದರೆ ರೇಡಿಯೋ ಅರಮನೆಗಿಂತ ಮಡಿ. ಅಲ್ಲಿ ಬಿಳಿ ಪುಸ್ತಕವೇ ಗತಿ. 1948ರಲ್ಲಂತೂ ಬಿಬಿಸಿಯ ವೆರೈಟಿ ವಿಭಾಗ ತನ್ನ ಬರಹಗಾರರಿಗೆ, ನಿರ್ಮಾಪಕರಿಗೆ ಒಂದು ಕೈಪಿಡಿಯನ್ನೇ ತಯಾರಿಸಿತು. ಅದಕ್ಕೆ ಹಸಿರು ಪುಸ್ತಕ ಅಂತ ಹೆಸರು ಬಿತ್ತು. ಬಿಳಿ, ನೀಲಿ ಆಯಿತು, ಇದೊಂದು ಬಾಕಿ ಇತ್ತು.

ಯಾವುದರ ಬಗ್ಗೆ ಜೋಕು ಕೂಡದು? ಕಕ್ಕಸು. ಸರಿ, ಒಪ್ಪೋಣ. ಹನಿಮೂನಿಗೆ ಹೋದ ಜೋಡಿ. ಹೋಟೆಲಿನಲ್ಲಿ ಹಾಸಿಗೆ ಸರಿಮಾಡುವ ಹೆಂಗಸು. ಆದಾಮ-ಈವ ಮಾನ ಮುಚ್ಚಿಕೊಂಡ ಅಂಜೂರದ ಎಲೆ. ಬಾಡಿಗೆಗೆ ಕೋಣೆ ಹಿಡಿದವನು. ಊರೂರು ಸುತ್ತಿ ಸಾಮಾನು ಮಾರುವ ಸೇಲ್ಸ್‌ಮನ್. ಹೆಂಗಸರ ಒಳಉಡುಪು, ಅದಕ್ಕೊಂದು ಉದಾಹರಣೆ ಬೇರೆ. ಚಳಿಗಾಲ ಹತ್ತಿರ ಬಂತು ಅಂತ ಇಂಗ್ಲಿಷಿನಲ್ಲಿ ಹೇಳಿದರೆ ಕಿವಿಗೆ 'ಚಡ್ಡಿ ಹಾಕು' ಅನ್ನೋ ಹಾಗೆ ಕೇಳಿಸುತ್ತಂತೆ. 'ಬುಟ್ಟಿ' ಅನ್ನುವ ಪದವನ್ನೂ ಕೆಟ್ಟ ಅರ್ಥದಲ್ಲಿ ಬಳಸಬಾರದು, ಇಂಗ್ಲಿಷಿನ 'ಬಾಸ್ಕೆಟ್' ಒಂದು ಬೈಗುಳದ ಬದಲಿಗೆ ನಡೆಯುತ್ತಿತ್ತಂತೆ. ಪ್ರಾಣಿಗಳ ನಡತೆ, ಉದಾಹರಣೆಗೆ ಮೊಲ.

ಈಗ ಸ್ವಲ್ಪ ಯೋಚನೆ ಮಾಡಿ. ಇದನ್ನು ಬರೆಯಲು ಯಾರೋ ಒಬ್ಬರು ಕೂತಿರಬೇಕು ಅಲ್ವಾ? ಸೂಟು, ಟೈ, ಪಕ್ಕದಲ್ಲಿ ಟೀ. 'ಮೊಲ' ಅಂತ ಬರೆದು, ಕುದುರೆ ಸೇರಿಸಬೇಕೋ ಬೇಡವೋ ಅಂತ ತಲೆ ಕೆರೆದುಕೊಂಡಿರಬೇಕು. ಬುಟ್ಟಿಗೆ ಕೆಟ್ಟ ಅರ್ಥ ಇದೆ ಅಂತ ಗೊತ್ತಿರಬೇಕು. ಅಂಜೂರದ ಎಲೆ ಕಂಡರೆ ಅದರ ಹಿಂದೆ ಏನಿದೆ ಅಂತ ಹೊಳೆಯಬೇಕು. ಸುಮ್ನೆ ಬರೋ ವಿದ್ಯೆ ಅಲ್ಲ ಇದು. ಮಿಲ್ಲರ್ ಬರೀ ಕೊನೇ ಪದ ಬಿಡುತ್ತಿದ್ದ. ಇವರು ಆ ಪದಗಳನ್ನೆಲ್ಲ ಗುಡಿಸಿ, ವಿಂಗಡಿಸಿ, ಟೈಪು ಮಾಡಿಸಿ ಕಚೇರಿಯಲ್ಲಿ ಹಂಚಿದರು. ನೀಲಿ ಪುಸ್ತಕ ಯಾವುದು ಅಂತ ನೀವೇ ಹೇಳಿ.

ಮಿಲ್ಲರ್ 1963ರಲ್ಲಿ ತೀರಿಕೊಂಡ. ಬ್ರೈಟನ್ನಿನಲ್ಲಿ ಈಗ ಅವನ ಪ್ರತಿಮೆ ಇದೆ. ಹಸಿರು ಪುಸ್ತಕ ತಯಾರಿಸಿದವರಿಗೂ ಒಂದು ನಿಲ್ಲಿಸಬಹುದಿತ್ತು, ಕೈಯಲ್ಲೊಂದು ಬುಟ್ಟಿ ಕೊಟ್ಟು.

ಮೊನ್ನೆ ಊಟದ ಹೊತ್ತಲ್ಲಿ ಈ ಪಟ್ಟಿಯನ್ನು ಮನೆಯವರಿಗೆ ಜೋರಾಗಿ ಓದಿ ಹೇಳಿದೆ. ಅಂಜೂರದ ಎಲೆಗೆ ಯಾರೂ ನಗಲಿಲ್ಲ. ಮೊಲಕ್ಕೆ ಹೆಂಡತಿ ಫಕ್ಕನೆ ನಕ್ಕಳು. ಅಮ್ಮ ತುತ್ತು ಕಲಸುವುದನ್ನು ನಿಲ್ಲಿಸಿ ಕೇಳಿದರು: "ಯಾಕೋ, ಮೊಲ ಏನು ಮಾಡ್ತು?"

ನಾನು ಇನ್ನೊಂದು ಸೌಟು ಸಾರು ಬಡಿಸಿಕೊಂಡೆ.